ವಸ್ತು ಮತ್ತು ಮಾತು: ಶಹಾಬಾದ ಪರಿಸರದ ಮನೆತನದ ದಾಖಲೆಗಳು

ಕರ್ನಾಟಕದ ಚರಿತ್ರೆಯ ಆಕರಗಳನ್ನು ಕುರಿತು ಹೇಳುವಾಗ ಶಾಸನ, ಕಾವ್ಯ, ಕೈಫಿಯತ್ತು, ಪ್ರವಾಸಿಗರ ಬರಹ ಹಾಗೂ ಸರ್ಕಾರಿ ಕಡತಗಳನ್ನು ಹೆಸರಿಸುವುದು ರೂಢಿ. ಮನೆಯ ಸಂದೂಕದೊಳಗೆ ಬಟ್ಟೆಯ ಗಂಟಿನಲ್ಲಿ ಉಳಿದುಬಂದ ಕಾಗದಪತ್ರ, ಪಡಸಾಲೆಯ ಗೋಡೆಯ ಭಾವಚಿತ್ರ, ಅತ್ತೆಯಿಂದ ಸೊಸೆಗೆ ಬಂದ ಒಡವೆ, ಮೂರು ತಲೆಮಾರಿನ ಮಕ್ಕಳು ಮಲಗಿದ ತೊಟ್ಟಿಲು, ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ ಇವು ಆ ಪಟ್ಟಿಯಲ್ಲಿ ಅಪರೂಪವಾಗಿ ಸೇರುತ್ತವೆ. ಅರಮನೆ ಮತ್ತು ಮಠಗಳ ಸಂಗ್ರಹಕ್ಕೆ ದೊರೆತ ಗಮನ ಸಾಮಾನ್ಯ ಮನೆತನಗಳ ಸಂಗ್ರಹಕ್ಕೆ ದೊರೆತಿಲ್ಲ. ಆದರೆ ಒಂದು ಊರಿನ ಭೂಮಿ, ದುಡಿಮೆ, ವಲಸೆ, ಮದುವೆಯ ಸಂಬಂಧ, ಸಾವು–ನೋವುಗಳ ನೇರ ಸಾಕ್ಷ್ಯ ಇರುವುದು ಇಂಥ ಮನೆಗಳಲ್ಲಿಯೇ.

ಪ್ರಸ್ತುತ ಪ್ರಬಂಧವು ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಮತ್ತು ಚಿಂಚೋಳಿ ಪರಿಸರವನ್ನು ಆಧರಿಸಿ ಮನೆತನದ ದಾಖಲೆಗಳ ಸ್ವರೂಪವನ್ನೂ ಅವುಗಳ ಉಳಿವಿನ ಪ್ರಶ್ನೆಯನ್ನೂ ವಿವೇಚಿಸುತ್ತದೆ. ಈ ಪ್ರದೇಶದ ಆಯ್ಕೆಗೆ ಕಾರಣವಿದೆ. ಒಂದು ಶತಮಾನಕ್ಕಿಂತ ಕಡಿಮೆ ಅವಧಿಯಲ್ಲಿ ಇಲ್ಲಿನ ಆಡಳಿತವು ಪಾರಸಿಯಿಂದ ಉರ್ದುವಿಗೆ, ಉರ್ದುವಿನಿಂದ ಕನ್ನಡಕ್ಕೆ ಬಂದಿತು. ಅಜ್ಜನು ಬರೆಸಿಟ್ಟ ಪತ್ರವನ್ನು ಮೊಮ್ಮಗನು ಓದಲಾರದ ಸ್ಥಿತಿ ಇದರಿಂದ ಒದಗಿತು. ಆದ್ದರಿಂದ ಇಲ್ಲಿ ಮನೆತನದ ದಾಖಲೆಯೆಂದರೆ ವಸ್ತು ಮತ್ತು ಆ ವಸ್ತುವನ್ನು ವಿವರಿಸುವ ಮಾತು ಎರಡೂ ಕೂಡಿದ್ದು. ವಸ್ತು ಉಳಿದು ಮಾತು ಅಳಿದರೆ ದಾಖಲೆಯ ಅರ್ಧಭಾಗ ನಷ್ಟವಾದಂತೆಯೇ ಸರಿ.

ಪ್ರದೇಶದ ಪ್ರಾಚೀನ ನಿದರ್ಶನಗಳು

ಬರಹವನ್ನು ಕಾಪಾಡುವ ಕಾರ್ಯಕ್ಕೆ ಈ ಭಾಗದಲ್ಲಿ ದೀರ್ಘ ಪರಂಪರೆಯಿದೆ. ಚಿತ್ತಾಪುರಕ್ಕೆ ಸಮೀಪದ ನಾಗಾವಿಯು ಕಲ್ಯಾಣ ಚಾಲುಕ್ಯರ ಕಾಲದ ಹೆಸರಾಂತ ಘಟಿಕಾಸ್ಥಾನ. ಒಂದನೆಯ ಸೋಮೇಶ್ವರನ ಆಳ್ವಿಕೆಗೆ ಸೇರಿದ 1058ರ ಅಲ್ಲಿನ ಶಾಸನವು ವಿದ್ಯಾರ್ಥಿಗಳು ಮತ್ತು ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನು ಉಲ್ಲೇಖಿಸುತ್ತದೆ. ಸರಸ್ವತೀ ಭಂಡಾರವೆಂದರೆ ಗ್ರಂಥಗಳ ಸಂಗ್ರಹ. ಭಂಡಾರಿಗರೆಂದರೆ ಅದನ್ನು ಕಾಯ್ದು ನೋಡಿಕೊಳ್ಳುವವರು. ಅವರ ಜೀವನೋಪಾಯಕ್ಕೆ ಭೂಮಿಯನ್ನು ಬಿಡಲಾಗಿತ್ತು. ಓದಿಸುವವನಂತೆ ಕಾಯುವವನಿಗೂ ಸಮಾಜವು ಅನ್ನದ ವ್ಯವಸ್ಥೆ ಮಾಡಬೇಕೆಂಬ ತಿಳಿವಳಿಕೆ ಸುಮಾರು ಸಾವಿರ ವರ್ಷಗಳ ಹಿಂದೆಯೇ ಇಲ್ಲಿತ್ತು.

ಕಾಯುವವರು ಇಲ್ಲದಾದಾಗ ಒದಗುವ ಗತಿಗೆ ಇದೇ ತಾಲ್ಲೂಕಿನ ಸನ್ನತಿಯು ಸಾಕ್ಷಿಯಾಗಿದೆ. ಭೀಮಾ ತೀರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಕಾ ಗುಡಿಯ ಛಾವಣಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಲಿಪಿಯ ಬರಹ ಗೋಚರಿಸಿತು. ಅದು ಮೌರ್ಯ ಚಕ್ರವರ್ತಿ ಅಶೋಕನ ಶಾಸನ. ವಿಗ್ರಹವನ್ನು ನಿಲ್ಲಿಸಲು ಕಲ್ಲಿನ ನಡುವೆ ಕುಳಿ ಕೊರೆದದ್ದರಿಂದ ಬರಹದ ಒಂದು ಭಾಗ ನಷ್ಟವಾಗಿತ್ತು. ಪೀಠವನ್ನು ಮಾಡಿದವರದು ತಪ್ಪೆನ್ನಲಾಗದು. ಅಷ್ಟರಲ್ಲಿ ಆ ಲಿಪಿಯನ್ನು ಓದಬಲ್ಲವರು ಇರಲಿಲ್ಲ. ಓದಲಾರದ ಬರಹ ಅವರ ಪಾಲಿಗೆ ಬರಿಯ ಗಟ್ಟಿ ಕಲ್ಲು.

ಸನ್ನತಿಗೆ ಹೊಂದಿಕೊಂಡ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಿಂದ ಬೆಳಕಿಗೆ ಬಂದ ಬೌದ್ಧ ಸ್ತೂಪದ ಶಿಲಾಫಲಕವೊಂದು ಇದಕ್ಕೆ ವಿರುದ್ಧವಾದ ನಿದರ್ಶನ. ಅದರಲ್ಲಿ ಪರಿವಾರಸಮೇತನಾದ ಅರಸನೊಬ್ಬನ ಉಬ್ಬುಚಿತ್ರವಿದ್ದು, ಅದರೊಂದಿಗೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂಬ ಹೆಸರಿದೆ. ಆ ಕೆಲವೇ ಅಕ್ಷರಗಳು ಇರದಿದ್ದಲ್ಲಿ ಅದು ಹೆಸರಿಲ್ಲದ ಅರಸನ ಶಿಲ್ಪವಾಗಿ ಉಳಿಯುತ್ತಿತ್ತು. ಚಿತ್ರದ ಬಳಿ ಹೆಸರು ಬರೆಯಬೇಕೆಂಬ ಶಿಲ್ಪಿಯ ವಿವೇಕವು ಇಂದು ಮನೆಯ ಗೋಡೆಗಳಲ್ಲಿ ಹೆಸರಿಲ್ಲದೆ ತೂಗುತ್ತಿರುವ ಭಾವಚಿತ್ರಗಳ ಸಂದರ್ಭದಲ್ಲಿ ನೆನೆಯತಕ್ಕದ್ದಾಗಿದೆ.

ನಿಜಾಮರ ಕಾಲದ ಕಾಗದಪತ್ರಗಳು

ಈ ಪ್ರದೇಶದ ಮನೆತನಗಳಲ್ಲಿ ಉಳಿದಿರುವ ಕಾಗದಗಳ ಬಹುಭಾಗ ಅಸಫಜಾಹಿ ಆಳ್ವಿಕೆಯ ಕಾಲದ್ದು. ಸನದು, ಇನಾಮು ಪತ್ರ, ಪಟ್ಟಾ, ಕೌಲು, ರಸೀದಿ, ಪಾಲುಪತ್ರ, ಸಾಲಪತ್ರ, ಅರ್ಜಿಯ ನಕಲು, ತೀರ್ಪಿನ ಪ್ರತಿ ಮುಂತಾಗಿ ಅವುಗಳ ಬಗೆ ಹಲವು. ಕಲಬುರಗಿ ಜಿಲ್ಲೆಯ ಸಾಕಷ್ಟು ಭಾಗವು ದಿವಾನಿ ಆಡಳಿತಕ್ಕೆ ಸೇರದೆ ಪಾಯಗಾ ಮತ್ತು ಜಹಗೀರುಗಳ ಅಧೀನದಲ್ಲಿದ್ದುದರಿಂದ, ಕಾಗದಗಳನ್ನು ನೀಡಿದ ಕಚೇರಿಗಳೂ ಬೇರೆಬೇರೆಯಾಗಿದ್ದವು. 1949ರಲ್ಲಿ ಜಹಗೀರುಗಳು ರದ್ದಾದಾಗ ಆ ಕಚೇರಿಗಳೂ ಇಲ್ಲವಾದವು.

ಹಳ್ಳಿಯಲ್ಲಿ ಪಟೇಲ ಮತ್ತು ಪಟವಾರಿಗಳ ಮನೆಯೇ ಕಚೇರಿ. ಕೆಂಪು ಅಥವಾ ಬಿಳಿ ಬಟ್ಟೆಯಲ್ಲಿ ಕಟ್ಟಿದ ದಫ್ತರವು ಊರಿನ ದಾಖಲೆಯೂ ಹೌದು, ವತನದಾರ ಮನೆತನದ ಆಸ್ತಿಯೂ ಹೌದು ಎಂಬ ಭಾವನೆಯಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯ ಹುದ್ದೆಗಳು ಕೊನೆಗೊಂಡವು. ಸರ್ಕಾರದ ಲೆಕ್ಕಗಳು ಕಚೇರಿಗೆ ಸೇರಿದರೂ ನಕಲುಗಳು, ಕರಡುಗಳು, ಖಾಸಗಿ ಟಿಪ್ಪಣಿಗಳು ಮನೆಗಳಲ್ಲಿ ಉಳಿದವು. ತಳವಾರ, ಕುಳವಾಡಿ ಮೊದಲಾದ ಕೆಳಹಂತದ ಗ್ರಾಮಸೇವೆಗೆ ಬಿಟ್ಟ ಭೂಮಿಯನ್ನು ಮರುಮಂಜೂರು ಮಾಡಿಸಿಕೊಳ್ಳಲು ಇದೇ ಕಾಯ್ದೆ ಅವಕಾಶ ನೀಡಿತು. ಅದಕ್ಕೆ ಹಿರಿಯರು ಸೇವೆ ಸಲ್ಲಿಸಿದ್ದರೆಂಬ ಪುರಾವೆ ಬೇಕಿತ್ತು. ಒಂದು ಹಾಳೆಯನ್ನು ಕಾಪಾಡಿದ ಮನೆಗೂ ಕಳೆದುಕೊಂಡ ಮನೆಗೂ ನಡುವಣ ಅಂತರವು ಹೊಲವಿರುವವರು ಮತ್ತು ಇಲ್ಲದವರ ನಡುವಣ ಅಂತರವಾಗಿ ಪರಿಣಮಿಸಬಹುದಾಗಿತ್ತು.

ಹೈದರಾಬಾದು ಸಂಸ್ಥಾನದಲ್ಲಿ 1884ರ ಸುಮಾರಿಗೆ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಲೆಕ್ಕಪತ್ರಗಳಲ್ಲಿ ಮರಾಠಿಯ ಮೋಡಿ ಲಿಪಿಯೂ ಬಳಕೆಯಲ್ಲಿತ್ತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1963ರ ಕಾಯ್ದೆಯಿಂದ ಕನ್ನಡ ಆಡಳಿತ ಭಾಷೆಯಾಯಿತು. ಈ ಪಲ್ಲಟಗಳು ಜನಭಾಷೆಯ ದೃಷ್ಟಿಯಿಂದ ನ್ಯಾಯವೇ ಆಗಿದ್ದವು. ಆದರೆ ಹಳೆಯ ಕಾಗದಗಳನ್ನು ಓದಬಲ್ಲವರನ್ನು ತಯಾರಿಸುವ ಕೆಲಸ ಜೊತೆಜೊತೆಗೆ ನಡೆಯಲಿಲ್ಲ. ಶಿಕಸ್ತಾ ಶೈಲಿಯ ಉರ್ದು ಕೈಬರಹವನ್ನೂ ಮೋಡಿಯನ್ನೂ ಸರಾಗವಾಗಿ ಓದುವವರು ಈಗ ವಿರಳ.

ಲಿಪಿ ತಿಳಿದಮಾತ್ರಕ್ಕೆ ಕಾಗದ ಅರ್ಥವಾಗುವುದೂ ಇಲ್ಲ. ಸಂಸ್ಥಾನದ ಪತ್ರಗಳಲ್ಲಿ ಕಾಣುವುದು ಫಸಲಿ ವರ್ಷ. ಅದು ಅಕ್ಟೋಬರ್ ತಿಂಗಳಲ್ಲಿ ‘ಆಜೂರ್’ ಮಾಸದಿಂದ ಆರಂಭವಾಗುತ್ತಿತ್ತು. ಫಸಲಿ ಸಂಖ್ಯೆಗೆ 590 ಕೂಡಿಸಿದರೆ ಆ ವರ್ಷ ಮೊದಲಾದ ಕ್ರಿಸ್ತಶಕ ವರ್ಷ ದೊರೆಯುತ್ತದೆ; ಜನವರಿಯಿಂದ ಮುಂದಿನ ತಿಂಗಳುಗಳಿಗೆ 591 ಕೂಡಿಸಬೇಕು. 1340 ಫಸಲಿಯ ಆಜೂರ್ ಎಂದರೆ 1930ರ ಅಕ್ಟೋಬರ್ ಆಸುಪಾಸು. ಅದೇ 1340ನ್ನು ಹಿಜರಿಯೆಂದು ತಿಳಿದರೆ 1921–22 ಆಗುತ್ತದೆ. ಹೀಗೆ ಒಂದು ಜನನದ ಅಥವಾ ಪಾಲುಪಾರಿಕತ್ತಿನ ಕಾಲ ಒಂಬತ್ತು ವರ್ಷ ಹಿಂದೆ ಸರಿಯುತ್ತದೆ. ಹಣದ ವಿಷಯದಲ್ಲೂ ಇದೇ ತೊಡಕಿದೆ. ಸಂಸ್ಥಾನದ ‘ಹಾಲಿ ಸಿಕ್ಕಾ’ ಏಳು ರೂಪಾಯಿಗೆ ಬ್ರಿಟಿಷ್ ಭಾರತದ ಆರು ರೂಪಾಯಿ ಸಮನಾಗಿತ್ತು. ಇಂಥ ತಿಳಿವಳಿಕೆಯನ್ನು ಹಿರಿಯರು ಬಾಯಿಮಾತಿನಲ್ಲಿ ಬಲ್ಲವರಾಗಿದ್ದರು. ಅದನ್ನು ಕಾಗದದ ಜೊತೆಗೆ ಬರೆದಿಡುವ ಅಗತ್ಯ ಅವರಿಗೆ ತೋರಲಿಲ್ಲ.

ರೈಲು, ಕಲ್ಲು ಮತ್ತು ಭಾವಚಿತ್ರ

ಸೊಲ್ಲಾಪುರದಿಂದ ರಾಯಚೂರಿನವರೆಗಿನ ರೈಲುಮಾರ್ಗ 1871ರ ವೇಳೆಗೆ ಪೂರ್ಣಗೊಂಡಿತು. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಓಡಿತು. ಭೀಮಾ ಕೊಳ್ಳದ ಪದರು ಪದರಾಗಿ ಬಿಡುವ ಸುಣ್ಣಕಲ್ಲು ‘ಶಹಾಬಾದಿ ಫರಸಿ’ ಎಂಬ ಹೆಸರಿನಿಂದ ದೂರದ ನಗರಗಳ ನೆಲಹಾಸಾಯಿತು. ಅದೇ ಸುಣ್ಣಕಲ್ಲು ಸಿಮೆಂಟು ಕಾರ್ಖಾನೆಗಳನ್ನು ತಂದಿತು. 1936ರಲ್ಲಿ ದೇಶದ ಹತ್ತು ಸಿಮೆಂಟು ಕಂಪನಿಗಳು ಒಗ್ಗೂಡಿದಾಗ ಶಹಾಬಾದ ಕಂಪನಿಯೂ ಅವುಗಳಲ್ಲಿ ಒಂದಾಗಿತ್ತು.

ರೈಲು ಮತ್ತು ಕಾರ್ಖಾನೆಗಳು ಮನೆತನದ ದಾಖಲೆಗೆ ಹೊಸ ಬಗೆಗಳನ್ನು ಸೇರಿಸಿದವು. ಹಾಜರಿ ಬಿಲ್ಲೆ, ಸೇವಾ ಪುಸ್ತಕದ ಪ್ರತಿ, ಭವಿಷ್ಯನಿಧಿಯ ಚೀಟಿ, ವಸತಿಗೃಹದ ಹಂಚಿಕೆ ಪತ್ರ, ಕಾರ್ಮಿಕ ಸಂಘದ ರಸೀದಿ, ನಿವೃತ್ತಿ ದಿನದ ಗುಂಪುಚಿತ್ರ ಇತ್ಯಾದಿ. ತೆಲುಗು, ಮರಾಠಿ, ಉರ್ದು, ತಮಿಳು ಮಾತನಾಡುವ ಕುಟುಂಬಗಳು ಒಂದೇ ಸಾಲಿನ ಮನೆಗಳಲ್ಲಿ ನೆಲೆಸಿದ್ದರ ಸಾಕ್ಷ್ಯ ಇವುಗಳಲ್ಲಿದೆ. ಹಳೆಯ ಘಟಕಗಳು ಸ್ಥಗಿತಗೊಂಡ ಮೇಲೆ, ಅಲ್ಲಿ ದುಡಿದವರ ಇತಿಹಾಸಕ್ಕೆ ಕಾರ್ಮಿಕರ ಮನೆಯ ಟ್ರಂಕುಗಳೇ ಮುಖ್ಯ ಆಕರ. ಗಣಿಯಲ್ಲಿ ಕಲ್ಲು ಎಬ್ಬಿಸಿದವರ ಮನೆಗಳಲ್ಲಿ ಕಾಗದ ಕಡಿಮೆ. ಸವೆದ ಹಾರೆ, ಸುತ್ತಿಗೆ, ಉಳಿಗಳೇ ಅವರ ದಾಖಲೆ. ಉಳಿಯ ಹಿಡಿ ಯಾರ ಕೈಯಲ್ಲಿ ಸವೆಯಿತು, ಯಾವ ಗಣಿಯಲ್ಲಿ ಎಂಬುದನ್ನು ಹೇಳುವವರಿದ್ದರೆ ಮಾತ್ರ ಅದು ಚರಿತ್ರೆಯ ವಸ್ತುವಾಗುತ್ತದೆ. ಇಲ್ಲವಾದರೆ ತೂಕಕ್ಕೆ ಗುಜರಿಗೆ ಹೋಗುತ್ತದೆ.

ಛಾಯಾಚಿತ್ರವೂ ಈ ರೈಲಿನ ಹಾದಿಯಲ್ಲಿಯೇ ಒಳನಾಡಿಗೆ ಬಂದಿತೆನ್ನಬಹುದು. ಆರನೆಯ ನಿಜಾಮರ ಆಶ್ರಯ ಪಡೆದ ಲಾಲಾ ದೀನ್‌ ದಯಾಳ್ 1880ರ ದಶಕದಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ಗೋಷಾ ಪಾಲಿಸುವ ಸ್ತ್ರೀಯರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೋವನ್ನೂ ಆರಂಭಿಸಿದರು. ಸಿರಿವಂತರಿಗೆ ಮೀಸಲಾಗಿದ್ದ ಈ ಸೌಲಭ್ಯ ಇಪ್ಪತ್ತನೆಯ ಶತಮಾನದ ನಡುವಣ ದಶಕಗಳಲ್ಲಿ ತಾಲ್ಲೂಕು ಕೇಂದ್ರಗಳಿಗೂ ಜಾತ್ರೆಗಳಿಗೂ ಬಂದಿತು. ಬಣ್ಣದ ಪರದೆಯ ಮುಂದೆ ಕುರ್ಚಿಯಲ್ಲಿ ಕುಳಿತ ಯಜಮಾನ, ಪಕ್ಕದಲ್ಲಿ ನಿಂತ ಮಡದಿ, ಮುಂದೆ ಮಕ್ಕಳು ಎಂಬ ವಿನ್ಯಾಸ ಎಲ್ಲೆಡೆ ಒಂದೇ. ಅನೇಕ ಮನೆಗಳಲ್ಲಿ ಹಿರಿಯರ ಏಕೈಕ ಭಾವಚಿತ್ರ ಅವರು ತೀರಿಕೊಂಡ ದಿನದ್ದು. ಲಿಂಗಾಯತರಲ್ಲಿ ಶವವನ್ನು ಕುಳ್ಳಿರಿಸಿ ಹೂವು, ವಿಭೂತಿಗಳಿಂದ ಅಲಂಕರಿಸುವ ಸಂಪ್ರದಾಯವಿರುವುದರಿಂದ ಅಂಥ ಚಿತ್ರದಲ್ಲಿ ಇಡೀ ಬಂಧುಬಳಗ ಸುತ್ತ ನೆರೆದಿರುತ್ತದೆ. ವಂಶಾವಳಿಯ ಅಧ್ಯಯನಕ್ಕೆ ಇದು ಅಮೂಲ್ಯ ಆಕರ. ಆದರೆ ಸುತ್ತ ನಿಂತವರ ಹೆಸರುಗಳು ಚಿತ್ರದ ಹಿಂಬದಿಯಲ್ಲಿ ಇರುವುದು ತೀರ ಅಪರೂಪ.

1948ರ ಬಿರುಕು

ಮನೆತನದ ದಾಖಲೆಗಳ ನಷ್ಟವನ್ನು ಒರಲೆ ಮತ್ತು ಮಳೆಯ ಲೆಕ್ಕಕ್ಕೆ ಮಾತ್ರ ಹಾಕಲಾಗದು. 1947–48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಅನೇಕ ಕುಟುಂಬಗಳು ಮನೆ ತೊರೆದು ಸಂಸ್ಥಾನದ ಗಡಿಯಾಚೆಗೆ ಹೋದವು. ಉಟ್ಟ ಬಟ್ಟೆಯಲ್ಲಿ ಹೊರಟವರು ಒಡವೆಯನ್ನು ನೆಲದಲ್ಲಿ ಹೂಳಬಹುದಿತ್ತು. ಕಾಗದವನ್ನು ಹೂಳಿದರೆ ಉಳಿಯುತ್ತಿರಲಿಲ್ಲ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ನಂತರ ಹಿಂಸೆಯ ದಿಕ್ಕು ಬದಲಾಯಿತು. ಅದನ್ನು ಪರಿಶೀಲಿಸಲು ಬಂದ ಪಂಡಿತ ಸುಂದರಲಾಲ್ ಸಮಿತಿಯು ಮುಸ್ಲಿಮರ ಮೇಲಿನ ದೌರ್ಜನ್ಯದಿಂದ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯನ್ನೂ ಹೆಸರಿಸಿತು. ಆ ವರದಿ ಸಾರ್ವಜನಿಕರ ಓದಿಗೆ ದೊರೆತದ್ದು 2013ರಲ್ಲಿ.

ಹೀಗೆ ಒಂದೇ ವರ್ಷದ ಅಂತರದಲ್ಲಿ ಎರಡೂ ಕಡೆಯ ಕುಟುಂಬಗಳು ಮನೆಯನ್ನೂ ಮನೆಯೊಳಗಿನ ಕಾಗದವನ್ನೂ ಕಳೆದುಕೊಂಡವು. ಸರ್ಕಾರದ ವರದಿಯೇ ಆರು ದಶಕಗಳಿಗೂ ಹೆಚ್ಚು ಕಾಲ ಮುಚ್ಚಿದ್ದಾಗ ಆ ಘಟನೆಗಳ ನೆನಪು ಉಳಿದದ್ದು ಮನೆಮಾತಿನಲ್ಲಿ. ಅರ್ಧ ಸುಟ್ಟ ಒಂದು ಪುಸ್ತಕ, ಬಾಗಿಲ ಮೇಲಿನ ಕೊಡಲಿಯ ಗುರುತು, ಜೋಡಿಯಲ್ಲಿ ಒಂದು ಮಾತ್ರ ಉಳಿದ ಬೆಳ್ಳಿಯ ಕಡಗ ಇಂಥವುಗಳ ಸುತ್ತ ಹೆಣೆದುಕೊಂಡ ಕಥನಗಳನ್ನು ದಾಖಲಿಸುವಾಗ ಸಂಗ್ರಾಹಕರು ಎರಡೂ ಸಮುದಾಯಗಳ ಮನೆಗಳಿಗೆ ಹೋಗಬೇಕಾದದ್ದು ಅನಿವಾರ್ಯ. ಒಂದು ಕಡೆಯ ನೆನಪನ್ನು ಮಾತ್ರ ಕೂಡಿಟ್ಟ ಭಂಡಾರ ಮುಂದಿನವರಿಗೆ ಅರ್ಧ ಚರಿತ್ರೆಯನ್ನೇ ದಾಟಿಸುತ್ತದೆ.

ಹೆಳವರು ಮತ್ತು ಹೆಂಗಸರ ನೆನಪು

ಮನೆತನದ ದಾಖಲೆಯನ್ನು ಮನೆಯ ಹೊರಗೆ ಕಾಯ್ದಿಟ್ಟ ಸಮುದಾಯವೂ ಕರ್ನಾಟಕದಲ್ಲಿದೆ. ಹೆಳವರು ತಮಗೆ ಗೊತ್ತುಪಡಿಸಿದ ಒಕ್ಕಲುಗಳ ಮನೆಗೆ ಸುಗ್ಗಿಯ ನಂತರ ಬಂದು ಆ ಮನೆತನದ ಮೂಲಸ್ಥಳ, ಮನೆದೇವರು, ಬೆಡಗು, ತಲೆಮಾರುಗಳ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುತ್ತಾರೆ. ತೆಲುಗು ಸೀಮೆಯಲ್ಲಿ ಇದೇ ಬಗೆಯ ವೃತ್ತಿಯವರನ್ನು ಪಿಚ್ಚಗುಂಟಲವರೆಂದು ಕರೆಯುತ್ತಾರೆ. ತಾಮ್ರಪಟ, ಓಲೆಗರಿಗಳಿಂದ ಕಾಗದದ ಪುಸ್ತಕಗಳವರೆಗೆ ಹೆಳವರ ಬರಹದ ಸಾಧನಗಳು ಬದಲಾಗಿವೆ. ಮನೆಯ ಸಂದೂಕ ನೀರಿನ ಪಾಲಾದರೂ ಹೆಳವನ ಪುಸ್ತಕದಲ್ಲಿ ವಂಶಾವಳಿ ಉಳಿಯುತ್ತದೆ. ಮೂಲ ಒಂದು ಕಡೆ, ಪ್ರತಿ ಇನ್ನೊಂದು ಕಡೆ ಇರಬೇಕೆಂಬ ಆಧುನಿಕ ಪತ್ರಾಗಾರದ ತತ್ವ ಈ ವ್ಯವಸ್ಥೆಯಲ್ಲಿ ಸಹಜವಾಗಿಯೇ ಅಡಕವಾಗಿದೆ.

ಈ ವ್ಯವಸ್ಥೆಗೆ ಮಿತಿಯೂ ಉಂಟು. ಹೆಳವರ ವಂಶಾವಳಿ ಪ್ರಧಾನವಾಗಿ ಗಂಡುಸಂತತಿಯದು. ಮನೆಗೆ ಬಂದ ಸೊಸೆಯ, ಕೊಟ್ಟ ಮಗಳ ಹೆಸರು ಅದರಲ್ಲಿ ಅಪರೂಪ. ಆಸ್ತಿಪತ್ರಗಳಲ್ಲೂ ಹೆಂಗಸರ ಹೆಸರು ಹೆಚ್ಚಾಗಿ ಬರುವುದು ವಿಧವೆಯಾಗಿ ಅಥವಾ ಅಪ್ರಾಪ್ತ ಮಗನ ಪೋಷಕಳಾಗಿ. ಹೆಣ್ಣಿನ ಚರಿತ್ರೆಯನ್ನು ಹುಡುಕುವವರು ಬೇರೆ ವಸ್ತುಗಳ ಬಳಿಗೆ ಹೋಗಬೇಕು. ಕೌದಿಯ ಒಂದೊಂದು ತುಂಡೂ ಒಂದೊಂದು ಸೀರೆಯದು. ಇದು ತವರಿನದು, ಇದು ಬಾಣಂತನದ್ದು, ಇದು ತೀರಿಕೊಂಡ ತಾಯಿಯದು ಎಂದು ಹೊಲಿದವಳು ಗುರುತಿಸಬಲ್ಲಳು. ಬೋರಮಳ ಸರ, ವಂಕಿ, ಬೆಳ್ಳಿಯ ಕರಡಿಗೆ, ತವರಿನಿಂದ ಬಂದ ಹಂಡೆಯ ಮೇಲೆ ಕೊರೆಸಿದ ಹೆಸರು, ಬೀಸುವಾಗ ಹಾಡಿದ ಹಾಡಿನಲ್ಲಿ ಬರುವ ತವರೂರು ಇವೆಲ್ಲ ಹೆಣ್ಣಿನ ಕಡೆಯ ದಾಖಲೆಗಳು. ಮುಸ್ಲಿಂ ಮನೆಗಳಲ್ಲಿ ನಿಕಾಹ್‌ನಾಮೆಯು ಹೆಣ್ಣಿನ ಹೆಸರನ್ನೂ ಮೆಹರ್‌ನ ಮೊತ್ತವನ್ನೂ ತಪ್ಪದೆ ಹೊತ್ತಿರುವ ಕಾಗದವಾದ್ದರಿಂದ ವಿಶೇಷ ಬೆಲೆಯುಳ್ಳದ್ದು. ಕೌದಿ ಹರಿದಾಗ ಬಿಸಾಡುವುದೂ ಹಂಡೆಯನ್ನು ತೂಕಕ್ಕೆ ಹಾಕಿ ಹೊಸ ಪಾತ್ರೆ ತರುವುದೂ ಸಾಮಾನ್ಯವಾದ್ದರಿಂದ, ಗಂಡಸರ ಕಾಗದಕ್ಕಿಂತ ಬೇಗ ಕಣ್ಮರೆಯಾಗುತ್ತಿರುವುದು ಈ ದಾಖಲೆಗಳೇ.

ಕಾಗದವಿಲ್ಲದ ಮನೆಗಳು

ಚಿಂಚೋಳಿಯ ಕಾಡಿನಂಚಿನ ತಾಂಡಾಗಳಲ್ಲಿ ಪ್ರಶ್ನೆ ಬೇರೆಯೇ ಆಗುತ್ತದೆ. 2006ರ ಅರಣ್ಯಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದುದನ್ನು ತೋರಿಸಬೇಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಗೆ ಸೇರಿರುವುದರಿಂದ ಈ ನಿಯಮ ಅವರಿಗೂ ಅನ್ವಯಿಸುತ್ತದೆ. ಎತ್ತುಗಳ ಮೇಲೆ ದವಸ ಸಾಗಿಸಿ ಬದುಕಿದ ಸಮುದಾಯಕ್ಕೆ 1930ರ ಕಾಗದ ಎಲ್ಲಿಂದ ಬರಬೇಕು? ಕಾಯ್ದೆಯ ನಿಯಮಗಳು ಈ ಕೊರತೆಯನ್ನು ಮನಗಂಡಿವೆ. ಮನೆ, ಬಾವಿ, ಸಮಾಧಿಸ್ಥಳ, ಪೂಜಾಸ್ಥಾನಗಳಂಥ ಭೌತಿಕ ಕುರುಹುಗಳನ್ನೂ, ವಂಶಾವಳಿಯನ್ನೂ, ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ಒಪ್ಪುತ್ತವೆ. ಇಲ್ಲಿ ಹಿರಿಯರ ಮಾತು ಭಾವನೆಯ ಸಂಗತಿಯಾಗಿ ಉಳಿಯದೆ ಕಾನೂನಿನ ಸಾಕ್ಷ್ಯವಾಗುತ್ತದೆ. ಅದನ್ನು ಬರೆದುಕೊಳ್ಳುವ ಮೊದಲೇ ಹಿರಿಯರು ತೀರಿಕೊಂಡರೆ ಆಗುವ ನಷ್ಟ ಹೊಲದ ನಷ್ಟವೂ ಆಗಬಹುದು.

ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371 ಜೆ ವಿಧಿಯು ಈ ಪ್ರದೇಶದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ನೀಡಿದ ನಂತರ ಎಲ್ಲ ವರ್ಗದ ಕುಟುಂಬಗಳೂ ಹಳೆಯ ಕಾಗದಗಳನ್ನು ಹುಡುಕುವಂತಾಯಿತು. ಸ್ಥಳೀಯರೆಂಬ ಅರ್ಹತಾ ಪ್ರಮಾಣಪತ್ರಕ್ಕೆ ಜನನ ಅಥವಾ ವಾಸದ ಪುರಾವೆ ಬೇಕಾದಾಗ ಶಾಲೆಯ ದಾಖಲಾತಿ, ಪಹಣಿ, ಪಡಿತರ ಚೀಟಿಗಳ ಬೆಲೆ ತಿಳಿಯಿತು.

2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ನಡೆದ ಸಮಾರಂಭವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆಯಿಲ್ಲದ ಜನವಸತಿಗಳು ಕಂದಾಯ ಗ್ರಾಮಗಳೆಂದು ಘೋಷಿತವಾಗಿದ್ದವು. ಸುಮಾರು ಐವತ್ತು ಸಾವಿರ ಕುಟುಂಬಗಳಿಗೆ ಅಂದು ಹಕ್ಕುಪತ್ರ ಹಂಚಲಾಯಿತು. ಅವರಲ್ಲಿ ತಾಂಡಾವಾಸಿಗಳು ಬಹಳ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇಂದಿನ ಮಳಖೇಡ. ಆ ಅರಸರು ಕೊಟ್ಟ ದಾನಗಳ ತಾಮ್ರಪಟಗಳನ್ನು ಪಡೆದವರು ಜತನದಿಂದ ಇಟ್ಟುಕೊಂಡದ್ದರಿಂದ ಅವರ ಚರಿತ್ರೆ ನಮಗೆ ತಿಳಿದಿದೆ. ಅದೇ ನೆಲದಲ್ಲಿ ಹಕ್ಕುಪತ್ರ ಪಡೆದ ಅನೇಕ ಮನೆಗಳಿಗೆ ಅದು ಮನೆತನದ ಮೊದಲ ಭೂದಾಖಲೆ. ತಾಮ್ರದಷ್ಟು ಬಾಳದ ಆ ಕಾಗದವನ್ನು ಮೊಮ್ಮಕ್ಕಳವರೆಗೆ ದಾಟಿಸುವ ಬಗೆ ಹೇಗೆಂಬುದು ಇಂದಿನ ಪ್ರಶ್ನೆ.

ಸಂರಕ್ಷಣೆಯ ಕ್ರಮ

ಹಿರಿಯರ ರೂಢಿಗಳಲ್ಲಿ ಸಂರಕ್ಷಣೆಯ ತಿಳಿವಳಿಕೆಯಿದೆ. ಮಹಾನವಮಿಯಲ್ಲಿ ಪುಸ್ತಕ, ಆಯುಧಗಳನ್ನು ಹೊರತೆಗೆದು ಒರೆಸಿ ಪೂಜಿಸುವುದು, ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಗಳನ್ನು ಬಿಚ್ಚಿ ನೋಡುವುದು ಮಳೆಗಾಲದ ನಂತರದ ವಾರ್ಷಿಕ ತಪಾಸಣೆಯೇ ಆಗಿದೆ. ಗಂಟಿನಲ್ಲಿ ಬಜೆ, ಬೇವಿನ ಎಲೆ, ಲವಂಗ ಇಡುವುದು ಹುಳುಗಳನ್ನು ದೂರವಿಡುವ ಉಪಾಯ. ಕಾಡಿಗೆಯ ಮಸಿಯಲ್ಲಿ ಬರೆದ ಕೈಕಾಗದ ಮುನ್ನೂರು ವರ್ಷ ಬಾಳಿದರೆ, ಅಗ್ಗದ ಮರದ ತಿರುಳಿನ ಕಾಗದ ಐವತ್ತು ವರ್ಷಗಳಲ್ಲಿ ಹಳದಿಯಾಗಿ ಮುರಿಯುತ್ತದೆ. ಆದ್ದರಿಂದ ಹಳೆಯದಕ್ಕಿಂತ ಇತ್ತೀಚಿನ ಕಾಗದಗಳಿಗೇ ಹೆಚ್ಚಿನ ಆರೈಕೆ ಬೇಕಾಗುತ್ತದೆ.

ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲವು ಕೆಲಸಗಳು ಹಾನಿ ತರುತ್ತವೆ. ಪೂಜೆಯ ಅರಿಶಿನ, ಕುಂಕುಮ, ಎಣ್ಣೆ ಕಾಗದಕ್ಕೆ ತಾಗಿದರೆ ಕಲೆ ಶಾಶ್ವತವಾಗುತ್ತದೆ. ಮೂಲ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿದರೆ ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದೊಳಗೆ ಸೇರುತ್ತದೆ. ಅದನ್ನು ಮತ್ತೆ ಬಿಡಿಸಲಾಗದು. ಲ್ಯಾಮಿನೇಷನ್ ಬೇಕಾದರೆ ನೆರಳುಪ್ರತಿಗೆ ಮಾಡಿಸಬೇಕು. ಅಂಟುಪಟ್ಟಿಯಿಂದ ಹರಿದ ಭಾಗ ಸೇರಿಸುವುದೂ, ಮೊಳೆ ಪಿನ್ನುಗಳನ್ನು ಬಿಡುವುದೂ ಸಲ್ಲದು. ಒದ್ದೆಯಾದ ಕಾಗದವನ್ನು ಬಿಸಿಲಿಗೆ ಹಾಕದೆ ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಚೌಕಟ್ಟಿನ ಗಾಜಿಗೆ ಅಂಟಿದ ಭಾವಚಿತ್ರವನ್ನು ಕೀಳದೆ ಗಾಜಿನ ಸಮೇತ ಪ್ರತಿ ತೆಗೆಯಬೇಕು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ತಾಪ, ನಂತರ ಒಮ್ಮೆಗೇ ಬರುವ ತೇವ, ಗಣಿ–ಕಾರ್ಖಾನೆಗಳ ಧೂಳು ಇಲ್ಲಿನ ಮನೆಗಳಿಗೆ ಸಾಮಾನ್ಯ. ಫರಸಿ ಹೊದಿಸಿದ ಛಾವಣಿಯ ಸಂದಿಯಿಂದ ನೀರು ಸೋರುವುದುಂಟು. 2020ರ ಅಕ್ಟೋಬರ್‌ನಲ್ಲಿ ಭೀಮಾ ಮತ್ತು ಕಾಗಿಣಾ ಉಕ್ಕಿದಾಗ ತೀರದ ಊರುಗಳ ಮನೆಗಳಿಗೆ ನೀರು ನುಗ್ಗಿತು. ಸಂದೂಕವನ್ನು ನೆಲದಿಂದ ಎತ್ತರದಲ್ಲಿ, ಹೊರಗೋಡೆಗೆ ತಾಗದಂತೆ, ಸೋರುವ ಕಡೆಯಲ್ಲದೆ ಇರಿಸುವುದು. ಗಂಜಿಯಿಲ್ಲದ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತುವುದು. ಮುಖ್ಯ ಪತ್ರಗಳನ್ನು ಒಂದೇ ಗಂಟಿನಲ್ಲಿ ಕೈಗೆ ಸಿಗುವಂತೆ ಇಡುವುದು ಹೆಚ್ಚಿನ ವೆಚ್ಚವಿಲ್ಲದ ಕ್ರಮಗಳು.

ಮೊಬೈಲಿನಲ್ಲಿ ತೆಗೆದ ಪ್ರತಿ ಅನುಕೂಲಕರ; ಆದರೆ ಆ ಮೊಬೈಲ್ ಕೆಟ್ಟರೆ ಅದೂ ಹೋಗುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನ ಬಂಧುವಿನ ಮನೆಯಲ್ಲಿ ಎಂಬ ಕ್ರಮ ಒಳ್ಳೆಯದು. ಇದಕ್ಕಿಂತ ಮುಖ್ಯವಾದುದು ವಿವರಣೆ. ಭಾವಚಿತ್ರದ ಹಿಂಬದಿಯ ಅಂಚಿನಲ್ಲಿ ಮೆದುವಾದ ಸೀಸದ ಕಡ್ಡಿಯಿಂದ ಎಡದಿಂದ ಬಲಕ್ಕೆ ಹೆಸರು, ಸಂಬಂಧ, ಊರು, ಅಂದಾಜು ವರ್ಷ ಬರೆಯಬೇಕು. ಪ್ರತಿಯೊಂದು ಪತ್ರದ ಜೊತೆಗೆ ಒಂದು ಚೀಟಿಯಲ್ಲಿ ಇದು ಯಾವ ಭಾಷೆಯದು, ಯಾರಿಂದ ಯಾರಿಗೆ, ಯಾವ ಹೊಲದ್ದು, ವರ್ಷ ಫಸಲಿಯೋ ಹಿಜರಿಯೋ ಶಕವೋ ಎಂಬುದನ್ನು ಗುರುತಿಸಬೇಕು. ಅಜ್ಜಿಯನ್ನು ಕೌದಿಯ ಬಳಿ ಕುಳ್ಳಿರಿಸಿ ಅವಳ ಮಾತನ್ನು ಧ್ವನಿಮುದ್ರಿಸಿಕೊಂಡರೆ ವಸ್ತು ಮತ್ತು ಮಾತು ಕೂಡಿ ಉಳಿಯುತ್ತವೆ.

ಸಂಸ್ಥೆಗಳ ಹೊಣೆ

ಮನೆತನದ ಕಾಗದಪತ್ರಗಳು ಸಂಸ್ಥೆಗಳ ವ್ಯಾಖ್ಯೆಗಳ ನಡುವೆ ಬಿದ್ದುಹೋಗಿವೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು 75 ವರ್ಷಕ್ಕೂ ಹಳೆಯದಾದ ಕೈಬರಹದ ಕೃತಿಯನ್ನು ಹಸ್ತಪ್ರತಿಯೆಂದು ಪರಿಗಣಿಸಿ, ಫರ್ಮಾನು ಮತ್ತು ಕಂದಾಯ ದಾಖಲೆಗಳನ್ನು ಅದರಿಂದ ಬೇರ್ಪಡಿಸಿತು. ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯ್ದೆ (2010) ಸರ್ಕಾರಿ ದಾಖಲೆಗಳಿಗೆ ಸಂಬಂಧಿಸಿದ್ದು. ನಿಜಾಮ ಆಡಳಿತದ ಮೂಲ ದಫ್ತರಗಳು ಹೈದರಾಬಾದಿನ ತಾರನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಹೀಗಾಗಿ ಶಹಾಬಾದದ ಮನೆಯೊಂದರ ಇನಾಮು ಪತ್ರವು ಹಸ್ತಪ್ರತಿಯೂ ಅಲ್ಲ, ಸರ್ಕಾರಿ ದಾಖಲೆಯೂ ಅಲ್ಲ. ಅದಕ್ಕೆ ಸಂಬಂಧಿಸಿದ ಮೂಲ ಕಡತವು ಬೇರೊಂದು ರಾಜ್ಯದಲ್ಲಿದೆ.

ಈ ಕೊರತೆಯನ್ನು ತುಂಬಲು ಮನೆಯವರಿಂದ ಮೂಲವನ್ನು ಕಸಿದುಕೊಳ್ಳುವ ಅಗತ್ಯವಿಲ್ಲ. ಕಾಗದ ಕೊಟ್ಟರೆ ಹೊಲ ಹೋದೀತೆಂಬ ಅಂಜಿಕೆ ಜನರಲ್ಲಿದ್ದು, ಅದು ನಿರಾಧಾರವೂ ಅಲ್ಲ. ಮೂಲವನ್ನು ಮನೆಯಲ್ಲೇ ಬಿಟ್ಟು, ಒಪ್ಪಿಗೆ ಪಡೆದು ಪ್ರತಿ ಮಾಡಿಕೊಂಡು, ಓದಿಸಿ, ಅದರ ಕನ್ನಡ ಸಾರಾಂಶವನ್ನು ಮನೆಯವರಿಗೂ ಒಪ್ಪಿಸುವ ಕ್ರಮ ಸಾಧುವಾದುದು. ಗುಲಬರ್ಗಾ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ರಾಜ್ಯ ಪತ್ರಾಗಾರ ಇಲಾಖೆ ಮತ್ತು ಅಕಾಡೆಮಿಗಳು ಕೂಡಿ ಮೋಡಿ ಹಾಗೂ ಉರ್ದು ಕೈಬರಹದ ತರಬೇತಿಯನ್ನು ನಡೆಸಿದರೆ, ಇನ್ನೂ ಉಳಿದಿರುವ ಹಿರಿಯ ಓದುಗರಿಂದ ಆ ವಿದ್ಯೆ ಕಿರಿಯರಿಗೆ ದಾಟೀತು. ತಾಲ್ಲೂಕಿನ ಗ್ರಂಥಾಲಯಗಳಲ್ಲಿ ಹೆಳವರ ಪುಸ್ತಕಗಳ, ಕಾರ್ಮಿಕ ಕುಟುಂಬಗಳ ಭಾವಚಿತ್ರಗಳ, ತಾಂಡಾದ ಹಿರಿಯರ ಹೇಳಿಕೆಗಳ ಪ್ರತಿಗಳು ಸೇರಿದರೆ ಸ್ಥಳೀಯ ಚರಿತ್ರೆಗೆ ಭದ್ರವಾದ ಬುನಾದಿ ದೊರೆಯುತ್ತದೆ.

ನಾಗಾವಿಯಲ್ಲಿ ಆರು ಮಂದಿ ಭಂಡಾರಿಗರಿಗೆ ಭೂಮಿ ಬಿಟ್ಟವರು ಗ್ರಂಥವು ತಾನಾಗಿ ಉಳಿಯದೆಂಬುದನ್ನು ಅರಿತಿದ್ದರು. ಸನ್ನತಿಯ ಶಾಸನ ಕಲ್ಲಿನದಾದ್ದರಿಂದ ಪೀಠವಾಗಿ ಬಳಕೆಯಾದರೂ ಎರಡು ಸಾವಿರ ವರ್ಷ ಉಳಿಯಿತು, ಓದುವವರು ಬಂದಾಗ ಮಾತನಾಡಿತು. ಕಾಗದಕ್ಕೂ ಭಾವಚಿತ್ರಕ್ಕೂ ಕೌದಿಗೂ ಅಷ್ಟು ಕಾಲ ಕಾಯುವ ಶಕ್ತಿಯಿಲ್ಲ. ಅವುಗಳ ಅರ್ಥವನ್ನು ಬಲ್ಲ ಹಿರಿಯರ ಆಯುಷ್ಯವಂತೂ ಇನ್ನೂ ಕಡಿಮೆ. ಆದುದರಿಂದ ಈ ಭಾಗದಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವವರು ಸಂದೂಕವನ್ನು ತೆರೆಸುವ ಮೊದಲು ಅದರ ಪಕ್ಕದಲ್ಲಿ ಕುಳಿತಿರುವ ಹಿರಿಯರ ಮಾತನ್ನು ಕೇಳಿ ಬರೆದುಕೊಳ್ಳುವುದು ಯುಕ್ತ.